ಹನ್ನೊಂದು ಪುಸ್ತಕಕ್ಕೆ ಒಂದು ತಿಂಗಳು



ಜೂನ್ ತಿಂಗಳಲ್ಲಿ ನಮ್ಮ ಏಳನೇ ತರಗತಿಯವರೆಲ್ಲ ಸೇರಿ, ಫೆಬ್ರವರಿ ಬರುವುದರೊಳಗೆ ಒಬ್ಬೊಬ್ಬರು 24 ಪುಸ್ತಕ ಓದಬೇಕು ಅಂತ ತೀರ್ಮಾನ ಮಾಡಿದ್ದು ನಿಮಗೆ ಗೊತ್ತೇ ಇದೆ. ಪಠ್ಯಪುಸ್ತಕ ಲೆಕ್ಕಕ್ಕೆ ಇಲ್ಲ. ಡಿಸೆಂಬರ್ ಮುಗಿಯುವಾಗ ನನ್ನದು 13 ಆಗಿತ್ತು, ಇನ್ನೂ 11 ಬಾಕಿ. ಹೆಚ್ಚುಕಡಿಮೆ ಎಲ್ಲರದ್ದೂ ಹೀಗೇ ಇತ್ತು. ನಮ್ಮ ಕಡೆ ಜುಲೈ, ಆಗಸ್ಟ್ ಅಂದರೆ ಪುಸ್ತಕಕ್ಕೆ ಬೂಷ್ಟು ಹಿಡಿಯುವ ಕಾಲ. ಮಳೆಗೆ ಶಾಲೆಗೆ ರಜೆ, ಕರೆಂಟು ಹೋದರೆ ಎರಡು ಮೂರು ದಿನ ಪತ್ತೆಯಿಲ್ಲ. ಫೆಬ್ರವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ. ಅದು ಮೂರು ವರ್ಷಕ್ಕೊಮ್ಮೆ ಬರೋದು, ಆಗ ಯಾರೂ ಓದೋಲ್ಲ. ಅದು ಮುಗಿದರೆ ಪರೀಕ್ಷೆ ಹತ್ತಿರ. ಹಾಗಾಗಿ ಉಳಿದದ್ದು ಜನವರಿ ಒಂದೇ. ಆ ತಿಂಗಳನ್ನು ಹೇಗೆ ಹಂಚಿಕೊಂಡೆ ಅಂತ ಹೇಳುತ್ತೇನೆ. ಮುಂದಿನ ವರ್ಷದವರಿಗೂ ಬೇಕಾಗಬಹುದು.

ಎಲ್ಲರೂ ಮೊದಲು ಮಾಡುವ ಲೆಕ್ಕ ಏನು? 31 ದಿನವನ್ನು 11ರಿಂದ ಭಾಗಿಸುವುದು. ಮೂರು ದಿನಕ್ಕೆ ಒಂದು ಪುಸ್ತಕದ ಹಾಗೆ ಬರುತ್ತೆ. ಈ ಲೆಕ್ಕ ನೋಡೋಕೆ ಚೆನ್ನಾಗಿದೆ, ಆದರೆ ಇದರಲ್ಲಿ ಒಂದು ಮೋಸ ಇದೆ. 16 ಪುಟದ ಚಿತ್ರದ ಪುಸ್ತಕವೂ ಒಂದು, ದಪ್ಪ ಕಾದಂಬರಿಯೂ ಒಂದು. ಹೀಗಿದ್ದರೆ ಕಪಾಟಿನ ಮುಂದೆ ನಿಂತಾಗ ಕೈ ತಾನಾಗಿಯೇ ತೆಳ್ಳಗಿನ ಪುಸ್ತಕದ ಕಡೆಗೆ ಹೋಗುತ್ತೆ. ನಮ್ಮ ತರಗತಿಯಲ್ಲಿ ಒಬ್ಬರು (ಹೆಸರು ಹೇಳೋಲ್ಲ, ನಗಬೇಡಿ) ಒಂದೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೂರು ಪುಸ್ತಕ ಮುಗಿಸಿದರು. ಸಂಖ್ಯೆ ಏರಿತು ನಿಜ. ಆದರೆ ನನಗೆ ಬಿಡಲಾಗದ ಒಂದು ದಪ್ಪ ಪುಸ್ತಕ ಇತ್ತು, ಈ ಲೆಕ್ಕ ಹಿಡಿದರೆ ಮೊದಲು ಹೊರಗೆ ಹೋಗುವುದು ಅದೇ.

ಆ ಪುಸ್ತಕ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಡಿಸೋಜ ಅವರು ನಮ್ಮ ಸಾಗರದವರೇ. 1937ರಲ್ಲಿ ಹುಟ್ಟಿದರು, 2025ರ ಜನವರಿ 5ರಂದು ತೀರಿಕೊಂಡರು. ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದ್ದರಿಂದ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಅವರು ಸಿನಿಮಾ ಮಾಡಿದ್ದಾರೆ, ದೊಡ್ಡವರು ನೋಡಿರುತ್ತೀರಿ. ನಾನು ಹೇಳಿದ ಪುಸ್ತಕ ಮಕ್ಕಳಿಗಾಗಿ ಬರೆದದ್ದು, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ನಮ್ಮ ಅಜ್ಜಿಯ ತವರು ಲಿಂಗನಮಕ್ಕಿ ನೀರಿನಲ್ಲಿ ಮುಳುಗಿದ ಊರು. 1964ರಲ್ಲಿ ಅಣೆಕಟ್ಟು ಮುಗಿದಾಗ ಅಜ್ಜಿಗೆ ಹತ್ತು ವರ್ಷ. ಅವರಿಗೆ ಓದು ಬರೋಲ್ಲ. ಈಗ ಕಣ್ಣಿಗೆ ಪೊರೆಯೂ ಬಂದಿದೆ. ಮುಳುಗಡೆ ಅಂತ ಹೆಸರಿರೋ ಪುಸ್ತಕ ನನ್ನ ಚೀಲದಲ್ಲಿ ಇದೆ ಅಂತ ಗೊತ್ತಾದ ಮೇಲೆ ದಿನಾ ಕೇಳುತ್ತಿದ್ದರು, “ಅದರಲ್ಲಿ ಎಂತ ಬರ್ದಿದಾರೆ ಮಗಾ?” ಅಂತ. ಅದನ್ನು ಗಟ್ಟಿಯಾಗಿ ಓದಿ ಹೇಳಲೇಬೇಕಿತ್ತು.

ಹಾಗಾಗಿ ಪುಸ್ತಕ ಎಣಿಸುವುದು ಬಿಟ್ಟು ಪುಟ ಎಣಿಸಿದೆ. 11 ಪುಸ್ತಕಕ್ಕೆ 680 ಪುಟ ಆಯಿತು. ದಿನಕ್ಕೆ 22 ಪುಟ. ಆದರೆ ಪುಟವೂ ಪುಟವೂ ಒಂದೇ ಅಲ್ಲವಲ್ಲ! ಗೋಡೆ ಗಡಿಯಾರ ನೋಡಿಕೊಂಡು ಅರ್ಧ ಗಂಟೆಗೆ ಎಷ್ಟು ಓದುತ್ತೇನೆ ಅಂತ ಅಳೆದೆ. ಸಣ್ಣ ಕಥೆಪುಸ್ತಕ 20 ಪುಟ. ಗ್ರಹ, ಕೀಟ, ರಕ್ತ ಅಂತೆಲ್ಲ ಇರುವ ಮಾಹಿತಿ ಪುಸ್ತಕ ಬರೇ 9 ಪುಟ, ಯಾಕೆಂದರೆ ಚಿತ್ರ ನೋಡಿ ಮತ್ತೆ ಹಿಂದೆ ಹೋಗಬೇಕಾಗುತ್ತೆ. ದೊಡ್ಡ ಪುಸ್ತಕ 13 ಪುಟ. ಇದನ್ನು ನೀವೂ ಅಳೆದು ನೋಡಿ, ನಿಮ್ಮದು ಬೇರೆ ಬರುತ್ತೆ. ಓಟದ ಪಂದ್ಯ ಅಂದುಕೊಂಡು ಅಳೆದರೆ ಮಾತ್ರ ಸುಳ್ಳು ಬರುತ್ತೆ.

ಆಮೇಲೆ ಪುಟವನ್ನು ಅರ್ಧ ಗಂಟೆಗೆ ತಿರುಗಿಸಿದೆ. ಕಥೆಪುಸ್ತಕ ಆರು, 240 ಪುಟ, 12 ಅರ್ಧ ಗಂಟೆ. ಮಾಹಿತಿ ಪುಸ್ತಕ ಮೂರು, 180 ಪುಟ, 20 ಅರ್ಧ ಗಂಟೆ. ದೊಡ್ಡ ಪುಸ್ತಕ ಎರಡು, 260 ಪುಟ, ಅದೂ 20. ಒಟ್ಟು 52 ಅರ್ಧ ಗಂಟೆ. ನೋಡಿ, ಕಥೆಪುಸ್ತಕ ಅರ್ಧಕ್ಕಿಂತ ಜಾಸ್ತಿ ಇದ್ದರೂ ಅದಕ್ಕೆ ಬೇಕಾದ ಸಮಯ ಎಲ್ಲಕ್ಕಿಂತ ಕಡಿಮೆ. ಬರೀ ಸಂಖ್ಯೆ ನೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಇನ್ನು ದಿನದ ವಿಷಯ. 31 ದಿನವೂ ಓದುತ್ತೇನೆ ಅಂತ ಬರೆದುಕೊಂಡರೆ ಮೊದಲನೇ ವಾರದಲ್ಲೇ ಪಟ್ಟಿ ಹರಿದು ಹಾಕಬೇಕಾಗುತ್ತೆ. ಓದಲು ಆಗದ ದಿನವನ್ನು ಮೊದಲೇ ತೆಗೆಯಬೇಕು. ಸಂಕ್ರಾಂತಿಗೆ ಸಿಗಂದೂರು ಜಾತ್ರೆ, ತುಮರಿಯ ದೊಡ್ಡಮ್ಮನ ಮನೆ ಅಂತ ಮೂರು ದಿನ. (ಮುಂಚೆ ಆ ಕಡೆ ಹೋಗುವಾಗ ಲಾಂಚಿಗೆ ಕಾಯುತ್ತಾ ಎಂಟು ಹತ್ತು ಪುಟ ಓದಬಹುದಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆದ ಮೇಲೆ ಬಸ್ಸು ಸೀದಾ ಹೋಗುತ್ತೆ. ಎಲ್ಲರಿಗೂ ಒಳ್ಳೆಯದಾಯಿತು, ನನ್ನ ಓದಿಗೆ ಮಾತ್ರ ನಷ್ಟ.) ಗಣರಾಜ್ಯೋತ್ಸವದ ತಯಾರಿ ಸೇರಿ 25, 26 ಎರಡು ದಿನ. ಇನ್ನು ನಾಲ್ಕು ದಿನವನ್ನು ಏನೂ ಬರೆಯದೆ ಖಾಲಿ ಬಿಟ್ಟೆ. ಜ್ವರ ಬರಬಹುದು, ನೆಂಟರು ಬರಬಹುದು. ಉಳಿದದ್ದು 22 ದಿನ. ದಿನಕ್ಕೆ ಎರಡು ಅರ್ಧ ಗಂಟೆ, ಶನಿವಾರ ಭಾನುವಾರ ಸೇರಿ ಎಂಟು ದಿನ ಮಾತ್ರ ಮೂರು. 52 ಸರಿಯಾಯಿತು.

ಯಾವ ಹೊತ್ತಿಗೆ ಅನ್ನೋದೂ ಮುಖ್ಯ. ಮಾಹಿತಿ ಪುಸ್ತಕ ಬೆಳಿಗ್ಗೆ, ತಲೆ ಹಗುರ ಇರುವಾಗ. ಕಥೆಪುಸ್ತಕ ಯಾವಾಗಲಾದರೂ ಆಗುತ್ತೆ, ಸ್ನಾನದ ನೀರು ಕಾಯುವವರೆಗೆ ಒಲೆ ಮುಂದೆ ಕೂತೂ ಓದಬಹುದು. ತೊಂದರೆ ಇದ್ದದ್ದು ಸಂಜೆಗೆ. ಜನವರಿ ಅಂದರೆ ಅಡಿಕೆ ಕೊಯ್ಲು. ಅಮ್ಮ ಸಂಜೆ ಸುಲಿಯಲು ಹೋಗುತ್ತಾರೆ, ನಾವು ಮಕ್ಕಳೂ ಜೊತೆಗೆ. ಮನೆಗೆ ಬರುವಾಗ ರಾತ್ರಿ ಹತ್ತು ಗಂಟೆ. ಆ ಹೊತ್ತು ಪೂರ್ತಿ ಹೋಯಿತು ಅಂತಲೇ ನಾನು ಅಂದುಕೊಂಡಿದ್ದೆ. ಆದರೆ ಸುಲಿಯುವವರಿಗೆ ಕೈಗೆ ಕೆಲಸ, ಕಿವಿಗೆ ಬಿಡುವು. ಮೊದಲೆಲ್ಲ ಅಲ್ಲಿ ಕಥೆ ಹೇಳುತ್ತಿದ್ದರಂತೆ. ಈಗ ಯಾರದ್ದಾದರೂ ಮೊಬೈಲಿನಲ್ಲಿ ಹಾಡು. ಒಂದು ದಿನ ಹಾಡು ಹಾಕುವ ಅಣ್ಣ ಬಂದಿರಲಿಲ್ಲ. ನಾನು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ತೆಗೆದು ಗಟ್ಟಿಯಾಗಿ ಓದತೊಡಗಿದೆ. ಅದು ನನ್ನ ಇನ್ನೊಂದು ದೊಡ್ಡ ಪುಸ್ತಕ. ಅದರಲ್ಲಿ ಕಿವಿ ಅನ್ನೋ ನಾಯಿ, ಮಾರ, ಪ್ಯಾರ ಎಲ್ಲ ಬರುತ್ತಾರೆ. ಎಲ್ಲರೂ ನಕ್ಕು ನಕ್ಕು ಸುಲಿಯುವುದನ್ನೇ ನಿಲ್ಲಿಸಿಬಿಟ್ಟರು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡೋದು, ಆದ್ದರಿಂದ ಅಮ್ಮ ನನಗೆ ಕಣ್ಣು ಬಿಟ್ಟರು. ಆದರೂ ಮಾರನೇ ದಿನ ಅವರೇ, “ಪುಸ್ತಕ ತಗಂಡ್ಯಾ?” ಅಂತ ಕೇಳಿದರು. ಗಟ್ಟಿಯಾಗಿ ಓದುವುದು ನಿಧಾನ. ಆದರೆ ಅಲ್ಲಿ ಅರ್ಧ ಗಂಟೆ ಅಂತ ಇಟ್ಟದ್ದು ಒಂದು ಗಂಟೆ ಸಿಗುತ್ತಿತ್ತು, ಲೆಕ್ಕ ತಪ್ಪಲಿಲ್ಲ. ಒಂದು ಮಾತು ನೆನಪಿಡಿ, ಸುಲಿಯುವ ಮಷೀನು ಇರುವ ಮನೆಯಲ್ಲಿ ಇದು ನಡೆಯೋಲ್ಲ. ಅದರ ಸದ್ದಿಗೆ ನಮ್ಮ ಸ್ವರ ನಮಗೇ ಕೇಳೋಲ್ಲ.

ಲೆಕ್ಕ ನಿಜವಾಗಿ ಉದ್ದ ಆದದ್ದು ಅಜ್ಜಿಯ ಪುಸ್ತಕದಲ್ಲಿ. ಅದಕ್ಕೆ 8 ಅರ್ಧ ಗಂಟೆ ಇಟ್ಟಿದ್ದೆ, 19 ಹಿಡಿಯಿತು. ಎರಡು ಪುಟ ಆಗುವುದರೊಳಗೆ “ತಡಿ ಮಗಾ” ಅನ್ನುತ್ತಾರೆ. ಪುಸ್ತಕದಲ್ಲಿ ಇರುವುದು ಒಂದು, ಅಜ್ಜಿಗೆ ನೆನಪಾಗುವುದು ಇನ್ನೊಂದು. ಅವರ ಮನೆ ಹಿಂದಿನ ಹಲಸಿನ ಮರ, ಗದ್ದೆ ಬದಿಯ ಕಾಲುದಾರಿ, ಸಾಮಾನು ಗಾಡಿಗೆ ಏರಿಸುವಾಗ ಹಸು ಹತ್ತದೇ ಹಟ ಮಾಡಿದ್ದು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಮಡೇನೂರಿನ ಹಳೇ ಅಣೆಕಟ್ಟು ಕಾಣುತ್ತದಲ್ಲ, 1948ರಲ್ಲಿ ಮುಗಿದದ್ದು, ಅದು ನೀರಿನ ಒಳಗೆ ಹೋಗುವ ಮೊದಲೇ ಅಜ್ಜಿ ನೋಡಿದ್ದಾರೆ! ನಾವು ಹೊನ್ನೆಮರಡಿನ ದಂಡೆಯಲ್ಲಿ ನಿಂತು ಹಿನ್ನೀರು ಚೆಂದ ಅಂತೀವಿ. ಅವರು ಆ ಕಡೆ ನೋಡಿ ಯಾರ ಯಾರ ಮನೆ ಎಲ್ಲಿತ್ತು ಅಂತ ಹೇಳುತ್ತಾರೆ. ಹೀಗೆ ಮಾತು ಬಂದಾಗ ಪುಸ್ತಕ ಮಡಿಸಿ ಕೂರುವುದೇ ಸರಿ, ಪಟ್ಟಿ ತೋರಿಸಿ ಅವಸರ ಮಾಡಬಾರದು ಅಂತ ನನ್ನ ಅಭಿಪ್ರಾಯ. ಅವರು ಹೇಳಿದ್ದನ್ನು ನೋಟ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡಿದ್ದೇನೆ, ಆರು ಹಾಳೆ ಆಗಿದೆ.

ಹೆಚ್ಚಾದ 11 ಅರ್ಧ ಗಂಟೆಯನ್ನು ಎಲ್ಲಿಂದ ತಂದೆ? ಖಾಲಿ ಬಿಟ್ಟ ನಾಲ್ಕು ದಿನದಿಂದ. ಒಂದು ದಿನ ನೆಂಟರು ಬಂದು ಹೋಯಿತು, ಉಳಿದ ಮೂರು ದಿನ ಮೂರು ಮೂರರಂತೆ 9 ಸಿಕ್ಕಿತು. ಇನ್ನೆರಡು ಸಿಗಲಿಲ್ಲ. ಹಾಗಾಗಿ ಜನವರಿ 31ರ ರಾತ್ರಿ ಹತ್ತು ಪುಸ್ತಕ ಮುಗಿದು, ಹನ್ನೊಂದನೆಯದು, ಕೀಟಗಳ ಪುಸ್ತಕ, 18 ಪುಟ ಉಳಿದಿತ್ತು. ಅದನ್ನು ಫೆಬ್ರವರಿ 1ರ ಭಾನುವಾರ ಬೆಳಿಗ್ಗೆ ಓದಿದೆ. ಒಂದು ದಿನ ತಡ ಅಂತ ತರಗತಿಯ ಪಟ್ಟಿಯಲ್ಲಿ ಬರೆಯಬೇಕೋ ಬೇಡವೋ ಅಂತ ಇನ್ನೂ ವಾದ ನಡೀತಾ ಇದೆ. ಬರೆಯಲಿ, ನನಗೇನೂ ಬೇಜಾರಿಲ್ಲ.

ಪುಸ್ತಕ ಎಲ್ಲಿಂದ ತರೋದು ಅಂತ ಕೆಲವರು ಕೇಳಿದ್ದೀರಿ. ನನ್ನ ಹನ್ನೊಂದರಲ್ಲಿ ಐದು ಶಾಲೆಯ ಕಪಾಟಿನದು, ಆರು ಗ್ರಾಮ ಪಂಚಾಯಿತಿ ಗ್ರಂಥಾಲಯದ್ದು. 2020ರ ನವೆಂಬರ್ 14ರಂದು ‘ಓದುವ ಬೆಳಕು’ ಅಂತ ಸರ್ಕಾರದ ಕಾರ್ಯಕ್ರಮ ಶುರುವಾಯಿತು, ಅದರಲ್ಲಿ ಮಕ್ಕಳಿಗೆ ಅಲ್ಲಿ ಉಚಿತವಾಗಿ ಸದಸ್ಯತ್ವ ಕೊಟ್ಟರು. ಅಪ್ಪ ಅಮ್ಮ ಪಂಚಾಯಿತಿ ಕೆಲಸಕ್ಕೆ ಹೋಗುವಾಗ ಜೊತೆಗೆ ಹೋಗಿ. ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕವನ್ನು ಸೋಮವಾರ ಶಾಲೆಯ ಕಪಾಟಿಗೆ ವಾಪಸ್ಸು ಇಟ್ಟಿದ್ದೇನೆ, ಎರಡನೇ ಅರೆಯಲ್ಲಿ ಇದೆ. ಮನೆಯಲ್ಲಿ ಮುಳುಗಡೆ ಊರಿನ ಅಜ್ಜ ಅಜ್ಜಿ ಇರುವವರು ಮೊದಲು ತಗೊಳ್ಳಿ. ಅರ್ಧ ಗಂಟೆಯ ಲೆಕ್ಕ ಮಾತ್ರ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.