ಚೆಸ್ ಲೋಕದಲ್ಲಿ ಮೊದಲಿಗರು ಎಷ್ಟು ಮಂದಿ?

ತಮಿಳುನಾಡಿನ ದೊಮ್ಮರಾಜು ಗುಕೇಶ್ 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ತಮ್ಮ 18ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಅದೇ ತಿಂಗಳ ಶ್ರೇಯಾಂಕ ಪಟ್ಟಿಯನ್ನು ತೆರೆದು ನೋಡಿದವರಿಗೆ ಒಂದು ವಿಚಿತ್ರ ಕಾಣಿಸುತ್ತಿತ್ತು. ವಿಶ್ವದ ಪಟ್ಟಿಯಿರಲಿ, ಭಾರತದ ಪಟ್ಟಿಯಲ್ಲಿಯೂ ಗುಕೇಶ್ ಮೊದಲಿಗರಾಗಿರಲಿಲ್ಲ. ವಾರಂಗಲ್‌ನ ಅರ್ಜುನ್ ಎರಿಗೈಸಿ 2801 ಅಂಕಗಳೊಂದಿಗೆ ಅವರಿಗಿಂತ ಮುಂದಿದ್ದರು. ವಿಶ್ವದ ಅಗ್ರಸ್ಥಾನವಂತೂ 2011ರ ಜುಲೈನಿಂದಲೂ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಅವರ ಸ್ವತ್ತಾಗಿತ್ತು.

ಹಾಗಾದರೆ ಅಗ್ರ ಆಟಗಾರ ಯಾರು? ಪ್ರಶ್ನೆ ಸರಳವೆನಿಸಿದರೂ ಉತ್ತರ ಒಂದೇ ಅಲ್ಲ. ದೇಶವಾರು, ಖಂಡವಾರು, ವಯೋಮಾನವಾರು, ಮಹಿಳೆಯರ ಪಟ್ಟಿ, ಕಿರಿಯರ ಪಟ್ಟಿ, ನಿವೃತ್ತರ ಪಟ್ಟಿ, ಕೊನೆಗೆ ಅಣ್ಣತಮ್ಮ, ಅಕ್ಕತಂಗಿಯರ ಪಟ್ಟಿಯವರೆಗೆ ಚೆಸ್ ಪ್ರಿಯರು ಮಾಡದ ವರ್ಗೀಕರಣವಿಲ್ಲ. ಇವೆಲ್ಲ ಕಾಲಹರಣದ ಆಟವೆಂದು ತಳ್ಳಿಹಾಕುವಂತಿಲ್ಲ. ಆಟಗಾರನೊಬ್ಬನಿಗೆ ಆಹ್ವಾನ, ಪ್ರಾಯೋಜಕತ್ವ, ನೌಕರಿ, ಕೆಲವೊಮ್ಮೆ ವಿಶ್ವ ಪ್ರಶಸ್ತಿಯ ಬಾಗಿಲು ಕೂಡ ಇಂಥ ಪಟ್ಟಿಯ ಸಾಲೊಂದರಿಂದಲೇ ತೆರೆಯುತ್ತದೆ.

ಎಲ್ಲ ಪಟ್ಟಿಗಳ ಬೇರು ಒಂದೇ

ಈ ಎಲ್ಲ ವಿಂಗಡಣೆಗೂ ಆಧಾರವಾಗಿರುವುದು ‘ಇಲೋ ರೇಟಿಂಗ್’ ಎಂಬ ಒಂದೇ ಸಂಖ್ಯೆ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಆರ್ಪಾಡ್ ಇಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಇದರ ಜನಕ. ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ ಇದನ್ನು ಒಪ್ಪಿಕೊಂಡಿತು. ವಿಶ್ವ ಒಕ್ಕೂಟವಾದ ಫಿಡೆ 1970ರಲ್ಲಿ ಅಳವಡಿಸಿಕೊಂಡಿತು. ಇದರ ತತ್ತ್ವ ಕಷ್ಟದ್ದಲ್ಲ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಬಲಾಢ್ಯನು ನೂರು ಪಂದ್ಯಗಳಿಂದ ಸುಮಾರು 76 ಅಂಕ ಗಳಿಸಬೇಕೆಂದು ಲೆಕ್ಕಾಚಾರ ಹೇಳುತ್ತದೆ. ಅದಕ್ಕಿಂತ ಹೆಚ್ಚು ಗಳಿಸಿದರೆ ರೇಟಿಂಗ್ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಹೊಸಬರಿಗೆ ಮತ್ತು ಮಕ್ಕಳಿಗೆ ಈ ಏರಿಳಿತ ಜೋರು. ಒಮ್ಮೆ 2400 ಮುಟ್ಟಿದವರಿಗೆ ನಿಧಾನ.

ಇಲ್ಲಿ ಓದುಗರು ಮರೆಯಬಾರದ ಸಂಗತಿಯೊಂದಿದೆ. ರೇಟಿಂಗ್ ಎಂಬುದು ಎತ್ತರ, ತೂಕಗಳ ಹಾಗೆ ಸ್ವತಂತ್ರವಾದ ಅಳತೆಯಲ್ಲ. ಯಾರು ಯಾರೊಡನೆ ಆಡಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಒಂದು ಗುಂಪಿನವರು ಹೊರಗಿನವರೊಡನೆ ಆಡದೆ ತಮ್ಮತಮ್ಮಲ್ಲೇ ಆಡುತ್ತಿದ್ದರೆ ಆ ಗುಂಪಿನ ಅಂಕಗಳಿಗೂ ಹೊರಲೋಕದ ಅಂಕಗಳಿಗೂ ಸಂಬಂಧ ಕಡಿದುಹೋಗುತ್ತದೆ.

ಇದಕ್ಕೆ ಅಮೆರಿಕದ ಸೆರೆಮನೆಯೊಂದರ ಕಥೆಗಿಂತ ಉತ್ತಮ ಉದಾಹರಣೆ ಇಲ್ಲ. ವರ್ಜೀನಿಯಾದಲ್ಲಿ ತಾಯಿಯ ಕೊಲೆಗಾಗಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ಕ್ಲಾಡ್ ಬ್ಲಡ್‌ಗುಡ್ ಎಂಬ ಕೈದಿ ಸಹಕೈದಿಗಳೊಡನೆ ಸಾವಿರಾರು ಅಧಿಕೃತ ಪಂದ್ಯಗಳನ್ನು ಆಡಿ ಗೆಲ್ಲುತ್ತಲೇ ಹೋದ. 1996ರಲ್ಲಿ ಅವನ ರೇಟಿಂಗ್ 2700 ದಾಟಿ, ಅಮೆರಿಕದ ಒಕ್ಕೂಟದ ಪಟ್ಟಿಯಲ್ಲಿ ಅವನು ಎರಡನೇ ಸ್ಥಾನಕ್ಕೆ ಬಂದು ಕುಳಿತ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕೈದಿಗಳ ಗುಂಪು ಹೊರಗಿನ ಗ್ರ್ಯಾಂಡ್‌ಮಾಸ್ಟರುಗಳನ್ನು ಒಮ್ಮೆಯೂ ಎದುರಿಸಿರಲಿಲ್ಲ. ಇಂಥ ಅಪಾಯವಿದೆಯೆಂದು ಒಕ್ಕೂಟಕ್ಕೆ ತಾನೇ ಪತ್ರ ಬರೆದು ಎಚ್ಚರಿಸಿದ್ದೆನೆಂದು ಅವನು ಹೇಳಿಕೊಂಡಿದ್ದು ಈ ಪ್ರಕರಣದ ಸ್ವಾರಸ್ಯ.

ಮಹಿಳೆಯರ ಪಟ್ಟಿಯಲ್ಲಿ ಇದೇ ಸಮಸ್ಯೆ ಬೇರೊಂದು ರೂಪದಲ್ಲಿ ಎದುರಾಯಿತು, ಮತ್ತು ಅಲ್ಲಿ ಪೆಟ್ಟು ತಿಂದವರು ತಪ್ಪು ಮಾಡದವರು. ಮಹಿಳೆಯರು ಬಹುಪಾಲು ತಮ್ಮತಮ್ಮಲ್ಲೇ ಆಡುವುದರಿಂದ ಅವರ ಅಂಕಗಳು ವಾಸ್ತವಕ್ಕಿಂತ ಕಡಿಮೆ ಇವೆಯೆಂದು ಭಾವಿಸಿದ ಫಿಡೆ, 1987ರ ಜನವರಿ ಪಟ್ಟಿಯಲ್ಲಿ ಆಟಗಾರ್ತಿಯರಿಗೆಲ್ಲ ಒಟ್ಟಿಗೆ 100 ಅಂಕ ಸೇರಿಸಿತು, ಒಬ್ಬರನ್ನು ಬಿಟ್ಟು. ಆ ಒಬ್ಬರು ಹಂಗೆರಿಯ ಸುಸಾನ್ ಪೋಲ್ಗಾರ್. ಅವರು ಪುರುಷರೊಡನೆಯೇ ಹೆಚ್ಚಾಗಿ ಆಡುತ್ತಿದ್ದರಿಂದ ಅವರ ಅಂಕ ಸರಿಯಾಗಿಯೇ ಇದೆ ಎಂಬುದು ಕೊಟ್ಟ ಕಾರಣ. ಫಲವಾಗಿ ಒಂದೂ ಪಂದ್ಯ ಸೋಲದೆ ಸುಸಾನ್ ಅಗ್ರಸ್ಥಾನ ಕಳೆದುಕೊಂಡರು. ಜಾರ್ಜಿಯಾದ ಮಾಯಾ ಚಿಬುರ್ದಾನಿಡ್ಜೆ ಮೊದಲಿಗರಾದರು. ಗಣಿತದ ಸಮರ್ಥನೆ ಏನೇ ಇರಲಿ, ಒಬ್ಬರ ಹೆಸರನ್ನು ಮಾತ್ರ ಹೊರಗಿಟ್ಟು ಮಾಡಿದ ತಿದ್ದುಪಡಿ ನ್ಯಾಯವಾಗಿ ಕಾಣಿಸುವುದಿಲ್ಲ.

ಆಕೆಯ ತಂಗಿ ಜೂಡಿಟ್ ಈ ವಾದವನ್ನೇ ಬುಡಮೇಲು ಮಾಡಿದರು. 1989ರ ಜನವರಿಯಲ್ಲಿ, 12ನೇ ವಯಸ್ಸಿಗೇ, ಮಹಿಳೆಯರಲ್ಲಿ ಅಗ್ರಸ್ಥಾನಕ್ಕೆ ಏರಿದ ಜೂಡಿಟ್ 2014ರಲ್ಲಿ ಆಟದಿಂದ ನಿವೃತ್ತರಾಗುವವರೆಗೂ ಮಹಿಳಾ ಚೆಸ್‌ನಲ್ಲಿ ಸರಿಸಾಟಿಯಿಲ್ಲದೆ ಮೆರೆದರು. ಅವರು ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಮ್ಮೆಯೂ ಸ್ಪರ್ಧಿಸಲಿಲ್ಲ. 2005ರಲ್ಲಿ 2735 ಅಂಕಗಳೊಂದಿಗೆ, ಸ್ತ್ರೀ ಪುರುಷರೆಂಬ ಭೇದವಿಲ್ಲದ ವಿಶ್ವ ಪಟ್ಟಿಯಲ್ಲಿ ಅವರು ಎಂಟನೆಯವರಾಗಿದ್ದರು.

ದೇಶ, ಖಂಡಗಳ ಗೆರೆಗಳು

ದೇಶಗಳ ಶ್ರೇಯಾಂಕವನ್ನು ಫಿಡೆ ನಿರ್ಧರಿಸುವುದು ಆಯಾ ದೇಶದ ಮೊದಲ ಹತ್ತು ಸಕ್ರಿಯ ಆಟಗಾರರ ಸರಾಸರಿ ರೇಟಿಂಗ್‌ನಿಂದ. ಕಾರ್ಲ್‌ಸನ್ ಅವರಂಥ ದೈತ್ಯ ಪ್ರತಿಭೆ ಇದ್ದರೂ ನಾರ್ವೆ ಈ ಪಟ್ಟಿಯ ತುದಿಗೆ ಬರಲಾರದು. ಉಳಿದ ಒಂಬತ್ತು ಮಂದಿ ಬೇಕಲ್ಲ! ಇನ್ನು ಅಮೆರಿಕದ ಹತ್ತು ಮಂದಿಯನ್ನು ನೋಡಿ. ವೆಸ್ಲಿ ಸೋ ಫಿಲಿಪ್ಪೀನ್ಸ್‌ನಿಂದ ಬಂದವರು, ಲೆವೊನ್ ಅರೋನಿಯನ್ ಅರ್ಮೇನಿಯಾದಿಂದ, ಲೈನಿಯರ್ ಡೊಮಿಂಗೆಜ್ ಕ್ಯೂಬಾದಿಂದ. ಹಿಕಾರು ನಕಾಮುರಾ ಹುಟ್ಟಿದ್ದು ಜಪಾನಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಫ್ಯಾಬಿಯಾನೊ ಕರುವಾನಾ ಹುಟ್ಟಿದ್ದು ಮಯಾಮಿಯಲ್ಲಾದರೂ ಹತ್ತು ವರ್ಷ ಇಟಲಿಯ ಪರ ಆಡಿ 2015ರಲ್ಲಿ ತವರಿಗೆ ಮರಳಿದರು. ಜನ್ಮಸ್ಥಳದ ಆಧಾರದ ಮೇಲೆ ಪಟ್ಟಿ ಮಾಡಿದರೆ ಅಮೆರಿಕ ಕೆಳಗಿಳಿಯುತ್ತದೆ, ಕ್ಯೂಬಾ, ಅರ್ಮೇನಿಯಾಗಳು ಮೇಲೇರುತ್ತವೆ. ಇದೇ ಬಲದಿಂದ ಅಮೆರಿಕ 2016ರ ಬಾಕು ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದಿತು. ಅದರ ಪಕ್ಕದಲ್ಲಿಟ್ಟು ನೋಡಿದಾಗ 2024ರ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಮುಕ್ತ ಹಾಗೂ ಮಹಿಳಾ ವಿಭಾಗಗಳೆರಡರಲ್ಲೂ ಭಾರತ ಗೆದ್ದ ಚಿನ್ನದ ತೂಕ ಅರಿವಾಗುತ್ತದೆ. ಆ ತಂಡಗಳೆಲ್ಲ ಇಲ್ಲಿಯೇ ಹುಟ್ಟಿ ಬೆಳೆದವರಿಂದ ಕೂಡಿದ್ದವು.

ಖಂಡವಾರು ಪಟ್ಟಿ ಇನ್ನಷ್ಟು ಚಂಚಲ. ರಷ್ಯಾದ ಚೆಸ್ ಒಕ್ಕೂಟ 2023ರಲ್ಲಿ ಯುರೋಪ್ ತೊರೆದು ಏಷ್ಯಾ ಒಕ್ಕೂಟವನ್ನು ಸೇರಿತು. ಯಾರೊಬ್ಬರೂ ಒಂದು ಕಾಯಿ ನಡೆಸುವ ಮೊದಲೇ ಏಷ್ಯಾದ ಬಲ ಹೆಚ್ಚಿತು! ಉಕ್ರೇನ್ ಯುದ್ಧದ ನಂತರ ಅಂತರರಾಷ್ಟ್ರೀಯ ಕೂಟಗಳಲ್ಲಿ ರಷ್ಯನ್ನರು ಫಿಡೆ ಧ್ವಜದಡಿ ಆಡಬೇಕಾಗಿ ಬಂದಿದ್ದರಿಂದ, ಅವರನ್ನು ಯಾವ ಕಂಬಸಾಲಿಗೆ ಸೇರಿಸಬೇಕೆಂಬುದೇ ಪಟ್ಟಿ ಮಾಡುವವರಿಗೆ ತಲೆನೋವಾಯಿತು. ಆಫ್ರಿಕಾದ ಸಂಗತಿ ಮಾತ್ರ ಸ್ಪಷ್ಟ: ಆ ಖಂಡದಿಂದ 2700 ದಾಟಿದ ಮೊದಲಿಗ ಈಜಿಪ್ಟ್‌ನ ಬಾಸೆಮ್ ಅಮೀನ್. ಅವರು ವೃತ್ತಿಯಿಂದ ವೈದ್ಯರು. ‘ವೈದ್ಯರ ಪಟ್ಟಿ’ ಎಂದೊಂದು ಮಾಡಿದರೆ ಅಲ್ಲಿಯೂ ಅವರ ಹೆಸರು ಮುಂಚೂಣಿಯಲ್ಲಿರುತ್ತದೆ.

ಕಾಲದ ಗೆರೆಯನ್ನು ದಾಟಿ ಹೋಲಿಸುವುದು ಎಲ್ಲಕ್ಕಿಂತ ಕಷ್ಟ. 1990ರ ಜನವರಿಯಲ್ಲಿ 2700ಕ್ಕಿಂತ ಮೇಲಿದ್ದವರು ಕ್ಯಾಸ್ಪರೋವ್ ಮತ್ತು ಕಾರ್ಪೋವ್ ಇಬ್ಬರೇ. 2012ರ ಹೊತ್ತಿಗೆ ಆ ಸಂಖ್ಯೆ 40 ದಾಟಿತ್ತು. ಆದ್ದರಿಂದ 2014ರ ಮೇ ತಿಂಗಳಲ್ಲಿ ಕಾರ್ಲ್‌ಸನ್ ಮುಟ್ಟಿದ 2882 ಎಂಬ ಸಾರ್ವಕಾಲಿಕ ದಾಖಲೆಯ ಎದುರು ಬಾಬಿ ಫಿಷರ್ ಅವರ 2785 ಸಣ್ಣದಾಗಿ ಕಂಡರೂ, ಎರಡನೆಯವರಿಗಿಂತ ಎಷ್ಟು ಮುಂದೆ ಎಂಬ ಲೆಕ್ಕದಲ್ಲಿ ಫಿಷರ್ ಅವರೇ ಮೇಲು: 1972ರಲ್ಲಿ ಅವರಿಗೂ ಸ್ಪಾಸ್ಕಿಗೂ 125 ಅಂಕಗಳ ಅಂತರವಿತ್ತು. ವಯಸ್ಸಿನ ಲೆಕ್ಕದಲ್ಲಾದರೆ ಗೌರವ ಸಲ್ಲಬೇಕಾದದ್ದು ವಿಕ್ಟರ್ ಕೊರ್ಚ್‌ನಾಯ್ ಅವರಿಗೆ. 2007ರ ಜನವರಿಯಲ್ಲಿ, 75ರ ವಯಸ್ಸಿನಲ್ಲಿ, ಅವರು ವಿಶ್ವದ ಮೊದಲ ನೂರು ಮಂದಿಯಲ್ಲಿ ಒಬ್ಬರಾಗಿದ್ದರು. ಇನ್ನು ಒಡಹುಟ್ಟಿದವರ ವಿಭಾಗದಲ್ಲಿ ಚೆನ್ನೈನ ಪ್ರಜ್ಞಾನಂದ ಮತ್ತು ಅಕ್ಕ ವೈಶಾಲಿ ಅವರದ್ದು ಹೊಸ ಇತಿಹಾಸ. 2023ರ ಡಿಸೆಂಬರ್‌ನಲ್ಲಿ ವೈಶಾಲಿ ಭಾರತದ 84ನೇ ಗ್ರ್ಯಾಂಡ್‌ಮಾಸ್ಟರ್ ಅರ್ಹತೆ ಪಡೆದಾಗ, ಈ ಪದವಿ ಗಳಿಸಿದ ವಿಶ್ವದ ಮೊದಲ ಅಕ್ಕ ತಮ್ಮ ಇವರಾದರು.

ಪಟ್ಟಿಗಾಗಿಯೇ ಆಟ

ಸ್ಥಾನಕ್ಕೆ ಬೆಲೆ ಬಂದೊಡನೆ ಅದನ್ನು ಬೆನ್ನಟ್ಟುವವರೂ ಹುಟ್ಟುತ್ತಾರೆ. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಒಂದು ಸ್ಥಾನ ರೇಟಿಂಗ್ ಆಧಾರದ ಮೇಲೆ ದೊರೆಯುವುದುಂಟು. 2022ರಲ್ಲಿ ಕರ್ಯಾಕಿನ್ ಅವರ ಮೇಲೆ ನಿಷೇಧ ಬಿದ್ದಾಗ ಆ ಸ್ಥಾನ ಡಿಂಗ್ ಲಿರೆನ್ ಅವರಿಗೆ ಸಿಗುವಂತಿತ್ತು. ಆದರೆ ಅವರು ಆಡಿದ್ದ ಪಂದ್ಯಗಳು ನಿಯಮಕ್ಕೆ ಸಾಲುತ್ತಿರಲಿಲ್ಲ. ಚೀನಾದಲ್ಲಿ ತರಾತುರಿಯಿಂದ ಏರ್ಪಡಿಸಿದ ಕೂಟಗಳಲ್ಲಿ ಕೆಲವೇ ವಾರಗಳಲ್ಲಿ 28 ಪಂದ್ಯಗಳನ್ನಾಡಿ ಅವರು ಅರ್ಹತೆ ಪಡೆದರು, ಮರುವರ್ಷ ವಿಶ್ವ ಚಾಂಪಿಯನ್ನೂ ಆದರು. 2023ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಅಲಿರೆಜಾ ಫಿರೂಜಾ ಇದೇ ಸ್ಥಾನಕ್ಕಾಗಿ ದಿಢೀರ್ ಪಂದ್ಯಗಳನ್ನಾಡಿದಾಗ ಫಿಡೆ ಆಕ್ಷೇಪಿಸಿತು. ಅವರು ರೂವಾನ್ ನಗರದ ಮುಕ್ತ ಟೂರ್ನಿಗೆ ಹೋಗಿ ಏಳಕ್ಕೆ ಏಳೂ ಗೆದ್ದು ಸ್ಥಾನ ಗಿಟ್ಟಿಸಿಕೊಂಡರು. 2025ರಲ್ಲಿ ನಕಾಮುರಾ ಅವರಂಥ ಘಟಾನುಘಟಿ ಲೂಸಿಯಾನಾ, ಅಯೋವಾಗಳ ಸ್ಥಳೀಯ ಟೂರ್ನಿಗಳಲ್ಲಿ ಹವ್ಯಾಸಿಗಳೆದುರು ಕುಳಿತದ್ದು ಕೂಡ ಪಂದ್ಯಗಳ ಸಂಖ್ಯೆ ಭರ್ತಿ ಮಾಡಲಿಕ್ಕೆ.

ಇದರಲ್ಲಿ ಒಂದು ಸಣ್ಣ ಲೆಕ್ಕದ ಲಾಭವೂ ಇತ್ತು. ಎದುರಾಳಿಯ ರೇಟಿಂಗ್ ಎಷ್ಟೇ ಕಡಿಮೆಯಿದ್ದರೂ ಅಂತರವನ್ನು 400 ಎಂದೇ ಎಣಿಸುವ ನಿಯಮದಿಂದಾಗಿ ಅಗ್ರ ಆಟಗಾರನಿಗೆ ಪ್ರತಿ ಗೆಲುವಿಗೂ 0.8 ಅಂಕ ಖಚಿತವಾಗಿತ್ತು. 2025ರ ಅಕ್ಟೋಬರ್‌ನಿಂದ 2650 ಮತ್ತು ಅದಕ್ಕಿಂತ ಮೇಲಿನವರಿಗೆ ಫಿಡೆ ಈ ರಿಯಾಯಿತಿಯನ್ನು ತೆಗೆದುಹಾಕಿತು.

ಚೆನ್ನೈ ಮತ್ತು ನಾವು

ನಗರವಾರು ಪಟ್ಟಿ ಮಾಡಿದರೆ ಚೆನ್ನೈಗೆ ಸಾಟಿಯಾಗಬಲ್ಲ ಊರುಗಳು ಜಗತ್ತಿನಲ್ಲಿ ವಿರಳ. ಭಾರತದ ಗ್ರ್ಯಾಂಡ್‌ಮಾಸ್ಟರುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ತಮಿಳುನಾಡಿನವರು. 1961ರಲ್ಲಿ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನುಯೆಲ್ ಆರನ್, 1972ರಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಆರಂಭವಾದ ಮಿಖಾಯಿಲ್ ತಾಲ್ ಚೆಸ್ ಕ್ಲಬ್, ಅಲ್ಲಿ ಪಳಗಿ 1988ರಲ್ಲಿ ಭಾರತದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್, ಚೆಸ್‌ಗಾಗಿಯೇ ಹೆಸರಾದ ವೇಲಮ್ಮಾಳ್ ಸಮೂಹದ ಶಾಲೆಗಳು, ಆರ್.ಬಿ. ರಮೇಶ್ ಅವರಂಥ ಗುರುಗಳು: ಒಂದರ ಮೇಲೊಂದು ಕಟ್ಟಿದ ಮನೆಯಿದು. 2023ರ ಕೊನೆಯಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಚೆನ್ನೈನಲ್ಲಿ ಗ್ರ್ಯಾಂಡ್‌ಮಾಸ್ಟರುಗಳ ಟೂರ್ನಿ ನಡೆದಾಗ ಅದನ್ನು ಗೆದ್ದ ಗುಕೇಶ್‌ಗೆ ಕ್ಯಾಂಡಿಡೇಟ್ಸ್ ಬಾಗಿಲು ತೆರೆಯಿತು. ಮುಂದಿನದು ಗೊತ್ತೇ ಇದೆ.

ಕರ್ನಾಟಕದ ಪಟ್ಟಿ ಕಿರಿದು, ಆದರೆ ಕುತೂಹಲಕಾರಿ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ಮೈಸೂರಿನವರು, 2017ರಲ್ಲಿ ಪದವಿ ಪಡೆದಾಗ ದೇಶಕ್ಕೆ 50ನೆಯವರು. ಗಿರೀಶ್ ಕೌಶಿಕ್ ಕೂಡ ಮೈಸೂರಿನವರೇ. ಕುದುರೆಯ ನಡೆಯ ಒಗಟುಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿಗೆ ಇದು ಒಪ್ಪುವ ಮಾತೇ. ಜಿ.ಎ. ಸ್ಟಾನಿ ಶಿವಮೊಗ್ಗದವರು. 2022ರಲ್ಲಿ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಆದ ಪ್ರಣವ್ ಆನಂದ್ ಬೆಂಗಳೂರಿನವರು. ಈ ನಾಲ್ವರಲ್ಲಿ ರಾಜಧಾನಿಯ ಪಾಲು ಒಬ್ಬರದ್ದು ಮಾತ್ರ.

ಜಿಲ್ಲೆಗಳ ಮಕ್ಕಳಿಗೆ ಈ ಲೆಕ್ಕಾಚಾರ ದುಬಾರಿಯಾಗಿರುವುದನ್ನೂ ಹೇಳಬೇಕು. 2012ರಲ್ಲಿ ಕನಿಷ್ಠ ರೇಟಿಂಗ್ 1000ಕ್ಕೆ ಇಳಿದಂದಿನಿಂದ ಮಕ್ಕಳು ತೀರಾ ಕೆಳಗಿನಿಂದ ಪ್ರವೇಶಿಸತೊಡಗಿದರು. ಕೊರೊನಾ ಕಾಲದಲ್ಲಿ ಅವರು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಕಲಿತರು, ಆದರೆ ಅಧಿಕೃತ ಪಂದ್ಯಗಳಿರಲಿಲ್ಲ. ಆಟ ಬೆಳೆಯಿತು, ಅಂಕ ಅಲ್ಲೇ ನಿಂತಿತು. ಅವರೊಡನೆ ಆಡಿ ಸೋತ ಹಿರಿಯರ ಅಂಕಗಳೂ ಕುಸಿದವು. ಅಧಿಕೃತ ಪಂದ್ಯಗಳಿಗಾಗಿ ಊರೂರು ಅಲೆಯುವ ಖರ್ಚನ್ನು ಭರಿಸಲಾಗದವರ ಅಂಕ ಇನ್ನಷ್ಟು ಹಿಂದುಳಿಯಿತು. ಕೊನೆಗೆ ಫಿಡೆ 2024ರ ಮಾರ್ಚ್‌ನಲ್ಲಿ ಕನಿಷ್ಠ ಮಿತಿಯನ್ನು 1400ಕ್ಕೆ ಏರಿಸಿ, 2000ಕ್ಕಿಂತ ಕೆಳಗಿದ್ದ ಎಲ್ಲರಿಗೂ ಕೊರತೆಯ ಶೇ 40ರಷ್ಟು ಅಂಕ ಸೇರಿಸಿತು. 1000 ಇದ್ದವರು 1400 ಆದರು, 1500 ಇದ್ದವರು 1700.

ಫಿಡೆಯ ಪಟ್ಟಿಯಲ್ಲಿ ದೇಶಕ್ಕೆ, ಲಿಂಗಕ್ಕೆ, ಹುಟ್ಟಿದ ವರ್ಷಕ್ಕೆ ಕಂಬಸಾಲುಗಳಿವೆ. ರಾಜ್ಯಕ್ಕಾಗಲಿ ಜಿಲ್ಲೆಗಾಗಲಿ ಇಲ್ಲ. ಕರ್ನಾಟಕದ ಶ್ರೇಯಾಂಕ ಬೇಕೆನ್ನುವವರು ಆಟಗಾರರು ಯಾವ ರಾಜ್ಯ ಸಂಸ್ಥೆಯಲ್ಲಿ ನೋಂದಾಯಿಸಿದ್ದಾರೆಂದು ಹುಡುಕಿ ತಾವೇ ಜೋಡಿಸಿಕೊಳ್ಳಬೇಕು. ಅಲ್ಲೂ ಒಂದು ತೊಡಕಿದೆ. ರೈಲ್ವೆ, ಪೆಟ್ರೋಲಿಯಂ ಕ್ರೀಡಾ ಮಂಡಳಿಯಂಥ ಸಂಸ್ಥೆಗಳು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ತಮ್ಮದೇ ತಂಡಗಳನ್ನು ಇಳಿಸುತ್ತವೆ. ಆಟದ ಬಲದಿಂದ ಅಲ್ಲಿ ನೌಕರಿ ಪಡೆದವರು, ಹುಟ್ಟಿದ ಊರು ಯಾವುದೇ ಇರಲಿ, ಆ ಸಂಸ್ಥೆಯ ಹೆಸರಿನಲ್ಲೇ ಆಡುತ್ತಾರೆ.