ಅಜ್ಜಾರು ವೃದ್ಧಾಶ್ರಮದಾಗ, ರೇಡಿಯೋ ಅಳ್ನಾವರದಾಗ: ಎರಡನ್ನೂ ಜೋಡಿಸೋದು ಹೆಂಗ?

ಈ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಅಳ್ನಾವರದ ಕೇಳುಗರೊಬ್ಬರು ಕಳಿಸಿದ್ದು. ಅವರ ಅಜ್ಜಾರು ಹ್ಯಾಮ್ ರೇಡಿಯೋ ಆಪರೇಟರ್. ಮೊಣಕಾಲು ಕೈಕೊಟ್ಟ ಮೇಲೆ ಧಾರವಾಡದ ಒಂದು ವೃದ್ಧಾಶ್ರಮ ಸೇರಿದ್ದಾರೆ. "ಅಣ್ಣಾ, ಮ್ಯಾಲಿನ ತಂತಿ, ಸೆಟ್ ಎಲ್ಲಾ ಗುಜರಿಗೆ ಹಾಕ್ರಿ ಅಂತ ಅಜ್ಜಾರೇ ಅಂದಾರ. ಆದ್ರ ಮುಂಜಾನೆ ಏಳಕ್ಕ ಎದ್ದು ಸುಮ್ನ ಕೂತಿರ್ತಾರ. ಏನ್ ಮಾಡೋಣ್ರಿ?"

ಮೊದಲು ಹ್ಯಾಮ್ ಅಂದ್ರೆ ಏನು ಅಂತ ಎರಡು ಮಾತು. ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ಸ್ವಂತ ರೇಡಿಯೋದಿಂದ ಬೇರೆ ಹವ್ಯಾಸಿಗಳ ಜೊತೆ ಮಾತಾಡೋದು. ನಮ್ಮ ದೇಶದಲ್ಲಿ ಕಾಲ್‌ಸೈನ್ ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಅಂತ ಶುರುವಾಗುತ್ತೆ. 2004ರ ಸುನಾಮಿಯಲ್ಲಿ ಅಂಡಮಾನ್‌ನ ಫೋನ್‌ಗಳು ಸತ್ತಾಗ ಸುದ್ದಿ ಮುಟ್ಟಿಸಿದವರಲ್ಲಿ ಇವರೂ ಇದ್ದರು. ಉಳಿದ ದಿನಗಳಲ್ಲಿ ಹವಾಮಾನ, ಆಂಟೆನಾ, ಮೊಮ್ಮಕ್ಕಳ ಸುದ್ದಿ, ಅಷ್ಟೇ.

ಹಾಗಾದ್ರೆ ಆಶ್ರಮದ ರೂಮಿಗೇ ಸೆಟ್ ಒಯ್ದರಾಯ್ತಲ್ಲ? ಆಗಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡೋ ಸಾದಾ ಡೈಪೋಲ್ ಆಂಟೆನಾಗೆ ಸುಮಾರು 20 ಮೀಟರ್ ತಂತಿ ಬೇಕು, ಅದೂ ಎತ್ತರದಲ್ಲಿ. ಯಾವ ಆಶ್ರಮದವರು ಬಿಡ್ತಾರೆ? ಬಿಟ್ಟರೂ ಎಲ್‌ಇಡಿ ಬಲ್ಬು, ಚಾರ್ಜರ್, ಲಿಫ್ಟ್ ಸೇರಿ ಮಾಡೋ ಗೊರಗೊರ ಸದ್ದಿನಲ್ಲಿ ದೂರದ ದನಿ ಮುಳುಗಿ ಹೋಗುತ್ತೆ. ಅಳ್ನಾವರದ ಹಿತ್ತಲು ಅದಕ್ಕಿಂತ ಎಷ್ಟೋ ಶಾಂತ.

ಅದಕ್ಕೇ ರೇಡಿಯೋ ಅಲ್ಲೇ ಇರಲಿ, ಅಜ್ಜಾರು ಇಲ್ಲೇ ಇರಲಿ. ಸೆಟ್‌ನ ಪಕ್ಕ ಒಂದು ಹಳೇ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಇಟ್ಟು ಯುಎಸ್‌ಬಿ ಕೇಬಲ್ ಹಾಕ್ತಾರೆ. ಈಚಿನ ಸೆಟ್‌ಗಳಲ್ಲಿ ದನಿಯೂ, ಸ್ಟೇಷನ್ ತಿರುಗಿಸೋ ಆದೇಶವೂ ಅದೇ ಕೇಬಲ್‌ನಲ್ಲಿ ಹೋಗುತ್ತವೆ. ಡಬ್ಲ್ಯುಎಫ್‌ವ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಅದನ್ನ ಇಂಟರ್ನೆಟ್ ಮೇಲೆ ಕಳಿಸುತ್ತೆ. ಅಜ್ಜಾರು ಧಾರವಾಡದಲ್ಲಿ ಮೈಕ್ ಹಿಡಿದು ಮಾತಾಡಿದ್ರೆ ದನಿ ಅಳ್ನಾವರಕ್ಕೆ ಬಂದು ಅಲ್ಲಿಂದ ಆಕಾಶಕ್ಕೆ ಏರುತ್ತೆ.

ನೆಟ್ ಸ್ವಲ್ಪ ತಡ ಮಾಡಿದ್ರೂ ನಡೀತದೆ. ಯಾಕಂದ್ರೆ ಹ್ಯಾಮ್‌ಗಳು ಫೋನಿನಂತೆ ಒಬ್ಬರ ಮೇಲೊಬ್ಬರು ಮಾತಾಡಲ್ಲ. ಒಬ್ಬರು ಮುಗಿಸಿ "ಓವರ್" ಅಂದ ಮೇಲೇ ಇನ್ನೊಬ್ಬರು. ಜೋರಾಗಿ ಮೋರ್ಸ್ ಬಡಿಯೋರಿಗೆ ಮಾತ್ರ ಕಿರಿಕಿರಿ.

ತೊಡಕು ಬರೋದು ನಮ್ಮ ಕಡೆಯ ಇಂಟರ್ನೆಟ್‌ನಲ್ಲಿ. ಮೊಬೈಲ್ ಡೇಟಾದಲ್ಲಿ ಸಾಮಾನ್ಯವಾಗಿ ನಿಮ್ಮ ಮನೆಗೇ ಅಂತ ಒಂದು ವಿಳಾಸ ಇರಲ್ಲ. ಹಳೇ ವಾಡೆಯಲ್ಲಿ ಹತ್ತು ಮನೆಗೆ ಒಂದೇ ನಂಬರ್ ಇದ್ದಂಗ. ಪೋಸ್ಟ್‌ಮ್ಯಾನ್ ಹೊರಗೇ ನಿಲ್ತಾನೆ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಹಾಕಿದ್ರೆ ಮನೆಯ ಕಂಪ್ಯೂಟರೇ ಹೊರಗೆ ಬಂದು ದಾರಿ ಮಾಡಿಕೊಡುತ್ತೆ. ಪಾಸ್‌ವರ್ಡ್ ಇಲ್ಲದೆ ಬೇರೆಯವರು ಒಳಗೆ ಬರೋದೂ ತಪ್ಪುತ್ತೆ.

ಈಗ ನನಗೆ ನಿಜವಾಗಿ ಚಿಂತೆಯಾದ ವಿಷಯ. ಮಾತಾಡ್ತಾ ಇರುವಾಗಲೇ ನೆಟ್ ಕಡಿದರೆ? ಸೆಟ್ ಪ್ರಸಾರದಲ್ಲೇ ಸಿಕ್ಕಿಕೊಂಡು ಬಿಸಿಯಾಗಬಹುದು, ಎಲ್ಲರ ಫ್ರೀಕ್ವೆನ್ಸಿ ಕಟ್ಟಬಹುದು. ಮನೆಯಲ್ಲಿ ಯಾರೂ ಇಲ್ಲ! ಅದಕ್ಕೆ ಸೆಟ್‌ನೊಳಗಿನ ಟೈಮ್‌ಔಟ್ ಮೂರು ನಿಮಿಷಕ್ಕೆ ಇಡಬೇಕು. ಜೊತೆಗೆ ಕರೆಂಟ್ ತೆಗೆಯೋಕೆ ಬೇರೆ ದಾರಿ ಬೇಕು. ಅದೇ ವೈಫೈ ಮೇಲಿನ ಸ್ಮಾರ್ಟ್ ಪ್ಲಗ್ ಆಗ ಉಪಯೋಗಕ್ಕೆ ಬರಲ್ಲ. ನಮ್ಮ ರೈತರು ಪಂಪ್‌ಸೆಟ್‌ಗೆ ಹಾಕೋ ಮೊಬೈಲ್ ಸ್ಟಾರ್ಟರ್ ನೋಡಿದ್ದೀರಲ್ಲ, ಅದೇ ತಲೆ: ಬೇರೆ ಸಿಮ್ ಇರೋ ಸ್ವಿಚ್, ಒಂದು ಕರೆಗೆ ಬಂದ್.

ಸಿಡಿಲಿಗೆ ಮಾತ್ರ ಆ್ಯಪ್ ಇಲ್ಲ. ಏಪ್ರಿಲ್-ಮೇನಲ್ಲಿ ಅಳ್ನಾವರದ ಕಡೆ ಗುಡುಗು ಹೆಂಗಿರುತ್ತೆ ಗೊತ್ತು. ಆಂಟೆನಾ ಕೇಬಲ್ ಕೈಯಿಂದ ಬಿಚ್ಚಿ ಹೊರಗಿಡಬೇಕು. ಅಂದ್ರೆ ಕೀಲಿ ಇಟ್ಟುಕೊಂಡ ಒಬ್ಬ ನೆರೆಮನೆಯವರು ಬೇಕು. ಅವರು ಸಿಗದಿದ್ರೆ ಆ ತಿಂಗಳು ಸ್ಟೇಷನ್ ಬಂದ್ ಇಡೋದೇ ವಾಸಿ.

ಖರ್ಚು? ನಾನು ಕಾಮರ್ಸ್‌ನವನು, ಇದು ಬಿಡಲ್ಲ. ಬರೀ ಕೇಳ್ತಾ ಇರೋ ಸೆಟ್ 13.8 ವೋಲ್ಟ್‌ನಲ್ಲಿ ಒಂದು ಆಂಪಿಯರ್ ತಗೊಂಡರೆ ಸುಮಾರು 14 ವ್ಯಾಟ್. ದಿನವಿಡೀ ಹಚ್ಚಿಟ್ಟರೆ ತಿಂಗಳಿಗೆ 10 ಯೂನಿಟ್. ರೌಟರ್, ಪೈ ಸೇರಿ 17-18 ಅನ್ನಿ. ಬೇಕಾದಾಗಷ್ಟೇ ಆನ್ ಮಾಡಿದ್ರೆ ಇನ್ನೂ ಕಡಿಮೆ.

ಕಾನೂನಿನ ಮಾತು. ಲೈಸೆನ್ಸ್ ಅಜ್ಜಾರ ಹೆಸರಲ್ಲಿದೆ, ಸ್ಟೇಷನ್ ವಿಳಾಸವೂ ದಾಖಲೆಯಲ್ಲಿರುತ್ತೆ. ಪ್ರಸಾರ ಶುರು ಮಾಡೋ ಮೊದಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗಕ್ಕೆ ಬರೆದು ಒಪ್ಪಿಗೆ ತಗೊಳ್ಳಿ. ಮತ್ತೆ, ತಮ್ಮಾ, ಪಾಸ್‌ವರ್ಡ್ ನಿನ್ನ ಹತ್ರ ಇದ್ರೂ ಮಾತಾಡೋ ಗುಂಡಿ ನೀನು ಒತ್ತಂಗಿಲ್ಲ. ನಿನಗೂ ಆಸೆ ಇದ್ರೆ ಪರೀಕ್ಷೆ ಬರಿ. 12 ವರ್ಷ ತುಂಬಿದವರು ಬರೀಬಹುದು, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿದೆ.

ಅಲ್ಲಿಯವರೆಗೆ ಒಂದು ಕೆಲಸ. ಕಿವಿಎಸ್‌ಡಿಆರ್ ಅಂತ ಜಗತ್ತಿನ ತುಂಬ ಹವ್ಯಾಸಿಗಳು ತಮ್ಮ ರಿಸೀವರ್ ತೆರೆದಿಟ್ಟಿದ್ದಾರೆ, ಬ್ರೌಸರ್‌ನಲ್ಲಿ ಪುಕ್ಕಟೆ ಕೇಳಬಹುದು. ಭಾನುವಾರ ಹೋದಾಗ ಅಜ್ಜಾರಿಗೆ ಹೆಡ್‌ಫೋನ್ ಹಾಕಿ 7 ಮೆಗಾಹರ್ಟ್ಸ್ ಹಚ್ಚಿಕೊಡಿ. ಫೋನಿನ ಸಣ್ಣ ಗುಂಡಿಗಳು ನಡುಗೋ ಬೆರಳಿಗೆ ಸಿಗಲ್ಲ, ಆದ್ದರಿಂದ ಲ್ಯಾಪ್‌ಟಾಪ್ ಒಯ್ಯಿರಿ. ಮುಂದೆ ರಿಮೋಟ್ ಮಾಡಿದ್ರೆ ಯುಎಸ್‌ಬಿಯ ದೊಡ್ಡ ತಿರುಗುಣಿ ಕೊಡಿಸಿ. ಸ್ಟೇಷನ್ ಹುಡುಕೋದು ಆ ಕೈಗೆ ಹಳೇ ರೂಢಿ.

ಗುಜರಿಯವನಿಗೆ ಫೋನ್ ಮಾಡಿ, ಈ ವಾರ ಬರಬ್ಯಾಡ ಅನ್ರಿ.