ಮೊಣಕಾಲಿನ ಪೆಟ್ಟು ಮಾಸಿದರೂ ನೋವೇಕೆ ಉಳಿಯುತ್ತದೆ?

ನಾಯಕನಹಟ್ಟಿ ಸುತ್ತಿನ ಶೇಂಗಾ ಹೊಲಗಳಲ್ಲಿ ಎಡವಿಯೋ, ಬೈಕಿನಿಂದ ಜಾರಿಯೋ ಮೊಣಕಾಲಿಗೆ ಪೆಟ್ಟಾಗುವುದು ಸಾಮಾನ್ಯ. ಊತ ಇಳಿದರೂ ಕೆಲವರಿಗೆ ಸಜ್ದಾಕ್ಕೆ ಮಂಡಿಯೂರಲಾಗದು. 3 ತಿಂಗಳು ಮೀರಿದ ನೋವು ದೀರ್ಘಕಾಲದ ನೋವು.

ಲಿಗಮೆಂಟ್ ಹರಿದವರಿಗೆ, ಹಿಂದೆಯೂ ಅದೇ ಕಾಲಿಗೆ ಪೆಟ್ಟಾದವರಿಗೆ, ಮೈತೂಕ ಹೆಚ್ಚಿರುವವರಿಗೆ ಇದರ ಅಪಾಯ ಹೆಚ್ಚು. ಇನ್ನೂ ಮೂರು ಕಾರಣಗಳು ನಮ್ಮ ಗಮನಕ್ಕೇ ಬರುವುದಿಲ್ಲ: ಸೊರಗಿದ ತೊಡೆಯ ಸ್ನಾಯು, ನಿದ್ದೆಗೇಡು, 'ಕಾಲು ಅಲುಗಿಸಿದರೆ ಇನ್ನೂ ಕೆಡುತ್ತದೆ' ಎಂಬ ಭಯ. ಇವನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ.

ಹೊಸ ಪೆಟ್ಟಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಯುನಾನಿ ತೈಲಕ್ಕೂ ಅದರದೇ ಕಾಲವಿದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10-15 ನಿಮಿಷ ಇಡಿ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಮಂಡಿ ಮಡಚಲೂ ಚಾಚಲೂ ಆಗದಂತೆ ಸಿಕ್ಕಿಕೊಂಡರೆ ತಡಮಾಡದೆ ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಗೆ ತೋರಿಸಿ.

ಊತ ಇಳಿದ ಮೇಲೆ ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು 5 ಸೆಕೆಂಡು ಒತ್ತಿ ಬಿಡಿ. ದಿನಕ್ಕೆರಡು ಬಾರಿ, ಹತ್ತತ್ತು ಸಲ ಮಾಡಿದರೆ ತೊಡೆಗೆ ಬಲ ಬರುತ್ತದೆ.

ಮಂಡಿಯೂರಲು ಆಗದವರಿಗೆ ಕುಳಿತು ನಮಾಝ್ ಮಾಡಲು ಶರೀಅತ್ತಿನಲ್ಲಿ ಅನುಮತಿಯಿದೆ. ಹಠ ಹಿಡಿದು ಕಾಲು ಕೆಡಿಸಿಕೊಳ್ಳಬೇಡಿ. ದೇಹವೂ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು.